ಮನೆಗೆ ಹೋದ ಅಲಂಕಾರ ಪಾಠ

ಏಳನೇ ಕ್ಲಾಸಿಗೆ ಅಲಂಕಾರ ಪಾಠ ಶುರುವಾಯಿತೆಂದರೆ ಆ ತಿಂಗಳು ನನಗೆ ಏನಾದರೊಂದು ಕಾದಿದೆ ಎಂದೇ ಅರ್ಥ. ದೊಡ್ಡೇರಿ ಹೋಬಳಿಯ ಒಂದು ಶಾಲೆಯಲ್ಲಿ ನಾನು ಕನ್ನಡ ಟೀಚರ್. ಬೇರೆ ವ್ಯಾಕರಣವೆಲ್ಲ ಶಾಲೆಯ ಕಾಂಪೌಂಡಿನೊಳಗೇ ಉಳಿಯುತ್ತದೆ. ಇದೊಂದು ಮಾತ್ರ ಮಕ್ಕಳ ಜೊತೆ ಮನೆಗೆ ಹೋಗಿ, ಮಾರನೇ ದಿನ ಅವರ ಅಪ್ಪ ಅಮ್ಮನನ್ನೂ ಕರೆದುಕೊಂಡು ವಾಪಸ್ಸು ಬರುತ್ತದೆ.

ಈ ವರ್ಷ ಪಾಠದ ಜೊತೆ ಒಂದು ಆತಂಕವೂ ಇತ್ತು. ಪಾವಗಡದ ಆಚೆ, ಆಂಧ್ರದ ಅಂಚಿನ ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ಜೂನಿನಲ್ಲಿ ಸೇರಿದ್ದಳು. ಅವಳ ಅಪ್ಪನದು ಬಸ್‌ಸ್ಟಾಪಿನ ಹತ್ತಿರ ಪಂಕ್ಚರ್ ಅಂಗಡಿ, ಮನೆಮಾತು ತೆಲುಗು. ಮೊದಲ ದಿನ ಅವಳು ಮಾತಾಡಿದಾಗ ನಡುವೆ ತೆಲುಗು ನುಸುಳಿ ಕ್ಲಾಸೆಲ್ಲ ನಕ್ಕಿತು. ಅವತ್ತು ಮುಚ್ಚಿದ ಬಾಯಿ ಮತ್ತೆ ತೆರೆಯಲಿಲ್ಲ. ಹಾಜರಿಗೂ ಬರೀ ಕೈ ಎತ್ತುತ್ತಿದ್ದಳು.

ಒಂದು ದಿನ ಅವಳ ಅಪ್ಪ ಬಂದರು. "ದಸರಾ ರಜದೊಳಗೆ ಇವಳು ಬಾಯಿ ಬಿಡ್ಲಿಲ್ಲ ಅಂದ್ರೆ ಟಿ.ಸಿ. ಕೊಟ್ಬುಡಿ ಮೇಡಂ. ಗಡಿ ಆಚೆ ನಮ್ಮತ್ತೆ ಮನೇಲಿ ಬಿಟ್ಟು ತೆಲುಗು ಸ್ಕೂಲಿಗೆ ಹಾಕ್ತೀನಿ" ಎಂದರು. ಅಲ್ಲಿ ಓದಿದರೆ ತಪ್ಪೇನಿಲ್ಲ. ಆದರೆ ನಗೆಗೆ ಹೆದರಿ ಮಗು ಊರು ಬಿಡುವುದು ನನಗೆ ಸುತರಾಂ ಇಷ್ಟವಿರಲಿಲ್ಲ.

ಕಾಣದ ತಾವರೆ

ಉಪಮೆಗೆ ಗೈಡಿನಲ್ಲಿ ಯಾವಾಗಲೂ ಒಂದೇ ಉದಾಹರಣೆ: "ಅವಳ ಮುಖ ತಾವರೆಯಂತೆ ಅರಳಿತು." ನಾನು ಬೋರ್ಡಿನ ಮೇಲೆ ಬರೆದು, "ತಾವರೆ ಯಾರು ನೋಡಿದ್ದೀರಿ?" ಎಂದು ಕೇಳಿದೆ. ಒಂದು ಕೈಯೂ ಏಳಲಿಲ್ಲ. ಶಿರಾ ಕಡೆಯ ಒಬ್ಬ ಹುಡುಗ ಎದ್ದು ನಿಂತ.

"ನಮ್ಮಜ್ಜಿ ಊರು ತಾವರೆಕೆರೆ ಮಿಸ್."

"ಭೇಷ್! ಹಾಗಾದರೆ ನೀನು ನೋಡಿರಬೇಕು."

"ಇಲ್ಲ ಮಿಸ್. ಅಜ್ಜೀನೂ ನೋಡಿಲ್ವಂತೆ."

ಗೈಡನ್ನು ಅಲ್ಲೇ ಮುಚ್ಚಿಟ್ಟೆ. ನೋಡದ ಹೂವಿಗೆ ಮುಖವನ್ನು ಹೋಲಿಸಿದರೆ ಈ ಮಕ್ಕಳಿಗೆ ಹೂವೂ ಕಾಣದು, ಮುಖವೂ ಕಾಣದು. "ಬೆಳಿಗ್ಗೆಯಿಂದ ನೀವೇ ಕಂಡದ್ದರಲ್ಲಿ ಒಂದು ಉಪಮೆ ಮಾಡಿ" ಎಂದೆ. ಅದೇ ಹುಡುಗ ನನ್ನನ್ನೇ ದಿಟ್ಟಿಸಿ ನೋಡಿ ಹೇಳಿದ: "ಕರೆಂಟು ಬಂದಾಗ ನಮ್ಮಪ್ಪನ ಮುಖ ಆಗ್ತದಲ್ಲ ಮಿಸ್, ಅಂಗೆ ಆಗ್ತದೆ ನಿಮ್ಮ ಮುಖ. ಬೆಲ್ ಹೊಡ್ದಾಗ."

ನಲ್ಲಿ ಹತ್ತಿರದ ಮಾರ್ಕ್ಸು

ಅತಿಶಯೋಕ್ತಿ ಎಂದರೆ ಇದ್ದದ್ದನ್ನು ಮಿತಿಮೀರಿ ಹಿಗ್ಗಿಸಿ ಹೇಳುವುದು. "ಮನೆಯಲ್ಲಿ ಕೇಳಿದ ಒಂದೊಂದು ಅತಿಶಯೋಕ್ತಿ ತನ್ನಿ" ಎಂದು ಹೋಂವರ್ಕ್ ಕೊಟ್ಟೆ. ಮಾರನೇ ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ಒಬ್ಬ ತಾಯಿ ಗೇಟಿನಲ್ಲಿ ನಿಂತಿದ್ದರು.

"ಏನ್ ಪಾಠ ಹೇಳ್ಕೊಟ್ಟಿದ್ದೀರ ಮೇಡಮ್ಮಾರೇ? ನಲ್ಲಿ ಹತ್ರ ಎದುರುಮನೆಯೋಳ ಜೊತೆ ಜಗಳ ಆಡ್ತಾ ಇವ್ನಿ. ‘ನಿನ್ನ ಕೊಡ ತುಂಬೋದ್ರಾಗೆ ನನ್ನ ತಲೆ ನರೆತು ಹೋಯ್ತು’ ಅಂದೆ. ನನ್ನ ಮಗ ಮಧ್ಯಕ್ಕೆ ಬಂದು, ‘ಅಮ್ಮ, ಇದು ಅತಿಶಯೋಕ್ತಿ’ ಅಂತಾನೆ!"

"ಮಗು ಸರಿಯಾಗೇ ಹೇಳಿದ್ದಾನಲ್ಲಮ್ಮ" ಎಂದೆ, ನಗು ತಡೆದುಕೊಂಡು.

"ಹೇಳ್ಲಿ ಬುಡಿ. ಮಾರ್ಕ್ಸ್ ಯಾಕೆ ಕೊಡ್ಬೇಕು? ನಂಗೆ ಐದು, ಎದುರುಮನೆಯೋಳ್ಗೆ ಎಂಟು!"

ಅವತ್ತೇ ಕ್ಲಾಸಿನಲ್ಲಿ ಕಾನೂನು ಮಾಡಿದೆ. ದೊಡ್ಡವರ ಮಾತು ಮುಗಿಯುವವರೆಗೆ ಕಾಯಬೇಕು, ಆಮೇಲೆ ಅಲಂಕಾರದ ಹೆಸರು ಹೇಳಬಹುದು. ಮಾರ್ಕ್ಸ್ ಮಾತ್ರ ಯಾರೂ ಕೊಡಕೂಡದು. ಪಾವಗಡದ ಹುಡುಗಿಯೂ ಎಲ್ಲರಂತೆ ತಲೆಯಾಡಿಸಿದಳು.

ಬಸ್ಸಿಗೆ ಜೀವ

ಕೊರಟಗೆರೆಯಲ್ಲಿ ಭಾಷಣ ಸ್ಪರ್ಧೆಯಿತ್ತು. ಆ ಹುಡುಗಿ ಭಾಷಣ ಮಾಡುವವಳಲ್ಲ. ಆದರೂ ನಾಲ್ಕು ಮಕ್ಕಳ ಜೊತೆ ಅವಳನ್ನೂ ಕರೆದುಕೊಂಡು ಹೊರಟೆ. ಶುಕ್ರವಾರವಾದ್ದರಿಂದ ಮಧುಗಿರಿಯಲ್ಲಿ ಹತ್ತಿದ ಬಸ್ಸಿನ ತುಂಬ ಗೊರವನಹಳ್ಳಿಗೆ ಹೊರಟ ಭಕ್ತರು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಗಂಡಸರೆಲ್ಲ ಇಳಿದು ತಳ್ಳಿದರು. ಡ್ರೈವರ್ ಸ್ಟೇರಿಂಗ್ ಸವರುತ್ತ, "ಮುನಿಸ್ಕೋಬೇಡ ಕಣವ್ವ, ಏಳವ್ವ" ಎಂದು ಗೋಗರೆದ. ಬಸ್ಸು ಕೆಮ್ಮಿ ಸ್ಟಾರ್ಟ್ ಆಯಿತು.

ನಮ್ಮವಳೊಬ್ಬಳು ಕುಣಿದು ಕೂಗಿದಳು: "ಮಿಸ್! ಜೀವ ಇಲ್ಲದ್ದಕ್ಕೆ ಡ್ರೈವರ್ ಜೀವ ಕೊಟ್ರು!"

ಬೆವರು ಒರೆಸಿಕೊಳ್ಳುತ್ತ ಹತ್ತಿದ ಕಂಡಕ್ಟರ್ ಸಿಡುಕಿದ. "ಜೀವ ಕೊಟ್ಟಿದ್ದು ನಾವು ಕಣಮ್ಮ. ಅವ್ನು ಬರೀ ಮಾತು ಕೊಟ್ಟ."

ಇಡೀ ಬಸ್ಸು ನಕ್ಕಿತು. ಕಿಟಕಿ ಪಕ್ಕದ ಸೀಟಿನಿಂದಲೂ ಒಂದು ನಗು ಕೇಳಿಸಿತು. ತಿರುಗಿ ನೋಡಿದೆ. ಪಾವಗಡದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದಳು. ಅವಳ ದನಿ ಹೇಗಿರುತ್ತದೆಂದೇ ನಾನು ಮರೆತಿದ್ದೆ.

ಟಿ.ಸಿ.

ದಸರಾ ರಜದ ಹಿಂದಿನ ದಿನ ಅವಳ ಅಪ್ಪ ಬಂದೇಬಿಟ್ಟರು. ಹೆಡ್‌ಮಾಸ್ಟರ್ ರೂಮಿನಲ್ಲಿ ಮಗಳೂ ಸೇರಿ ನಾವು ನಾಲ್ವರೇ. ಹೆಡ್‌ಮಾಸ್ಟರ್ ಪೆನ್ನಿನ ಕ್ಯಾಪು ತೆಗೆದಾಗಿತ್ತು.

"ಮನೇಲಿ ಇವಳ ಬಾಯಿ ನೀರಿನ ಟ್ಯಾಂಕರ್ ಥರ ಮೇಡಂ, ಬಿಟ್ರೆ ನಿಲ್ಲಲ್ಲ" ಎಂದರು ಅಪ್ಪ. "ಇಲ್ಲಿ ನೋಡಿದ್ರೆ ಬಂಡೆ. ಏಂ ಮಾಡ್ಲಿ?"

ಮಾತು ಮುಗಿಯಿತು.

"ಮೊದಲನೇದು ಉಪಮೆ. ಎರಡನೇದು ರೂಪಕ" ಎಂದಿತು ಒಂದು ಸಣ್ಣ ದನಿ.

ನಾನು ಅವಳ ಕಡೆ ಬಗ್ಗಿ ಕೇಳಿದೆ, "ಯಾಕಮ್ಮ ರೂಪಕ?"

"ಬಂಡೆ ಥರ ಅನ್ಲಿಲ್ಲ ಮಿಸ್. ಬಂಡೇನೇ ಅಂದ್ಬುಟ್ರು ನಾನ್ನ" ಎಂದಳು, ಅಪ್ಪ ಎನ್ನುವುದಕ್ಕೆ ತೆಲುಗಿನ ಮಾತನ್ನೇ ಉಳಿಸಿಕೊಂಡು.

"ಅಯ್ಯೋ ದೇವುಡಾ!" ಅಪ್ಪ ಹಣೆ ಚಚ್ಚಿಕೊಂಡರು. "ಮಾತಾಡು ಮಾತಾಡು ಅಂತ ಬೇಡ್ಕೊಂಡು ನನ್ನ ನಾಲ್ಗೆ ಸವೆದೇ ಹೋಯ್ತಲ್ಲೇ!"

ಅವಳು ನಮ್ಮ ಕ್ಲಾಸಿನ ಕಾನೂನಿನಂತೆ ಅವರ ಮಾತು ಮುಗಿಯುವವರೆಗೆ ಕಾದಳು. "ಇದು ಅತಿಶಯೋಕ್ತಿ."

ನನ್ನ ಕಣ್ಣು ತುಂಬಿಬಂತು. ಅಳುವುದೋ ನಗುವುದೋ ತಿಳಿಯದೆ ಗೋಡೆಯ ಕಡೆ ತಿರುಗಿದೆ. ಅಪ್ಪ ಮಾತ್ರ ಯೋಚನೆಗೆ ಬಿದ್ದಿದ್ದರು. ಅವರ ಮುಖದ ಮೇಲೆ ಖುಷಿಯ ಹಿಂದೆಯೇ ಒಂದು ಭಯ ಬಂದು ಕೂತಿತು.

"ಸಾರ್, ಟಿ.ಸಿ. ಬೇಡ" ಎಂದರು. "ನಮ್ಮತ್ತೆ ಬಾಯಿ ತೆಗೆದ್ರೆ ಆಕಾಶ ಭೂಮಿ ಒಂದು ಮಾಡ್ತಾರೆ. ಇವಳು ಅಲ್ಲಿ ಕೂತ್ಕೊಂಡು ಆಯಮ್ಮನ ಒಂದೊಂದು ಮಾತಿಗೂ ಇಂಗೆ ಹೆಸರಿಡ್ತಾ ಹೋದ್ರೆ, ಆಯಮ್ಮ ನನ್ನ ಜೀವಂತ ಹೂತಾಕ್ಬುಡ್ತಾರೆ."

ಮಾತು ಮುಗಿಯಲೆಂದು ಕಾದಿದ್ದ ಮಗಳು ಬಾಯಿ ತೆರೆದಳು. ಅಪ್ಪ ಕೈ ಅಡ್ಡ ಹಿಡಿದರು.

"ಇದು ಅತಿಶಯೋಕ್ತಿ ಅಲ್ಲಮ್ಮಾ. ನಿಜ."