ಪುಟ್ಟನ ಉಪವಾಸ

ತ್ಯಾಗರಾಜನ ಮನೆಯಲ್ಲಿ ತ್ಯಾಗರಾಜನೇ ಆರಿಸಿದ್ದು ಅಂತ ಒಂದು ವಸ್ತುವೂ ಇರಲಿಲ್ಲ. ಅಮೆರಿಕದ ಹರ್ನ್‌ಡನ್ನಿನ ಈ ಟೌನ್‌ಹೌಸನ್ನು ಆರಿಸಿದ್ದು ಹೆಂಡತಿ ಕಾತ್ಯಾಯಿನಿ, ಕಾರನ್ನು ಆರಿಸಿದ್ದು ಭಾವಮೈದುನ, ಮುಂಬಾಗಿಲಿಗೆ ಯಾವ ಬಣ್ಣ ಅಂತ ಅಪ್ಪಣೆ ಕೊಡಿಸಿದ್ದು ಬಡಾವಣೆಯ ಸಂಘ. ಹೀಗೆ ತಲೆಯಾಡಿಸಿಕೊಂಡೇ ಬಂದ ಮನುಷ್ಯ ಮೂರು ವಾರದ ಹಿಂದೆ ಆಫೀಸಿನಿಂದ ಬರುತ್ತಾ ಪಕ್ಕದ ಶ್ಯಾಂಟಿಲಿಯ ಸಾಕುಪ್ರಾಣಿ ಅಂಗಡಿಯೊಂದಕ್ಕೆ ನುಗ್ಗಿ ಒಂದು ಹಾವಿನ ಮರಿಯನ್ನು ತಂದುಬಿಟ್ಟ. ಕೇಸರಿ ಬಣ್ಣ, ಪೈಜಾಮದ ಲಾಡಿಯಷ್ಟು ದಪ್ಪ. ವಿಷವಿಲ್ಲ, ಸದ್ದಿಲ್ಲ, ಸಲಹೆ ಕೊಡುವುದಿಲ್ಲ. ಯಾರನ್ನೂ ಕೇಳದೆ ಪುಟ್ಟ ಅಂತ ಹೆಸರನ್ನೂ ಇಟ್ಟ.

ಕಷ್ಟ ಏನಪ್ಪಾ ಅಂದರೆ, ಪುಟ್ಟ ಊಟ ಮಾಡುತ್ತಿರಲಿಲ್ಲ.

ಅಂಗಡಿಯವನು ಸರಿಯಾಗಿಯೇ ಹೇಳಿ ಕಳಿಸಿದ್ದ. ಹೊಸ ಜಾಗಕ್ಕೆ ಬಂದ ಮರಿ ಹೆದರಿರುತ್ತದೆ, ಮುಟ್ಟಬೇಡ, ಇಣುಕಬೇಡ, ಗಾಜಿನ ಪೆಟ್ಟಿಗೆಗೆ ಟವೆಲ್ ಹೊದಿಸು, ಫ್ರೀಜರಿನ ಇಲಿಮರಿಯನ್ನು ಬಿಸಿನೀರಲ್ಲಿ ಬೆಚ್ಚಗೆ ಮಾಡಿ ಒಳಗಿಟ್ಟು ದೂರ ಹೋಗು, ಅಷ್ಟೇ. ಆದರೆ ಊಟ ಬಿಟ್ಟವರನ್ನು ಸುಮ್ಮನೆ ಬಿಡುವ ವಿದ್ಯೆ ನಮ್ಮ ಜನಕ್ಕೆ ಎಲ್ಲಿಂದ ಬರಬೇಕು? ಬಂದವರೆಲ್ಲ ಟವೆಲ್ ಎತ್ತಿ 'ಅಯ್ಯೋ ಪಾಪ' ಅನ್ನುವವರೇ.

ಶನಿವಾರ ಬೆಳಗ್ಗೆ ಕಾತ್ಯಾಯಿನಿ ಗಂಡನಿಗೆ ಎರಡನೇ ಸಲ ಚಿತ್ರಾನ್ನ ಬಡಿಸುತ್ತಾ ತೀರ್ಪು ಕೊಟ್ಟಳು.

"ರೀ, ಮನೇಲಿ ಒಂದು ಜೀವ ಉಪವಾಸ ಇದ್ರೆ ನನ್ನ ಗಂಟಲಲ್ಲಿ ತುತ್ತು ಇಳಿಯಲ್ಲ. ರಾತ್ರಿಯೊಳಗೆ ತಿಂದ್ರೆ ಇರ್ಲಿ. ಇಲ್ಲಾಂದ್ರೆ ನಾಳೆ ಬೆಳಗ್ಗೆ ಅಂಗಡಿಗೆ ವಾಪಸ್."

"ವಾಪಸ್ ಕೊಡಲ್ಲ," ಅಂದ ತ್ಯಾಗರಾಜ.

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಇಷ್ಟು ವರ್ಷದ ಸಂಸಾರದಲ್ಲಿ 'ಇಲ್ಲ' ಅಂದದ್ದು ಇದೇ ಮೊದಲು. ರುಚಿಯಾಗಿತ್ತು. "ಕೊಡಲ್ಲ ಅಂದ್ರೆ ಕೊಡಲ್ಲ," ಅಂತ ಇನ್ನೊಮ್ಮೆ ಅಂದು, ಇಲಿಮರಿಯನ್ನು ಬಿಸಿನೀರಿಗೆ ಹಾಕಲು ಎದ್ದ. ಆ ಧೈರ್ಯದ ಭರದಲ್ಲಿ ಕೈಗೆ ಸಿಕ್ಕಿದ ಪಾತ್ರೆ ಯಾವುದು ಅಂತ ನೋಡಲಿಲ್ಲ.

"ಅದು ನಮ್ಮಮ್ಮ ಕೊಟ್ಟ ಕಾಫಿ ಲೋಟ," ಅಂದಳು ಕಾತ್ಯಾಯಿನಿ, ತಣ್ಣಗೆ. ಲೋಟ ಕಸದ ಬುಟ್ಟಿಗೆ ಹೋಯಿತು. ಅವಳು ಫೋನ್ ಎತ್ತಿಕೊಂಡು ಬೀದಿಯ ಕನ್ನಡದವರ ವಾಟ್ಸಾಪ್ ಗುಂಪಿಗೆ ದೂರು ಬರೆದಳು.

ಮುಂದಿನದ್ದನ್ನು ಬೇರೆ ಹೇಳಬೇಕೆ? ಎದುರುಮನೆಯ ಪ್ರೇಮಾವತಿ ಆಂಟಿ, ಅವರ ಹಿಂದೆ ಕರುಣಾಕರ ಅಂಕಲ್, ಇಬ್ಬರೂ ಹಾಜರು. ಮಂಗಳೂರಿನ ಕಡೆಯವರು. ನಾಗನ ವಿಷಯ ಅಂದರೆ ಆಂಟಿಗೆ ಭಯಭಕ್ತಿ. ಅಂಕಲ್ಲಿಗೆ ಯಾವ ವಿಷಯದಲ್ಲೂ ಭಯವಿಲ್ಲ, ಎಲ್ಲದಕ್ಕೂ ಒಂದು ವಿಡಿಯೋ ನೋಡಿರುತ್ತಾರೆ.

"ಟವೆಲ್ ತೆಗಿಬೇಡಿ ಆಂಟಿ," ಅಂತ ತ್ಯಾಗರಾಜ ಅಡ್ಡ ನಿಂತ.

"ತೆಗಿಯದೆ ನೋಡುವುದು ಹೇಗೆ ಮಾರಾಯ?" ಆಂಟಿ ತೆಗೆದೇಬಿಟ್ಟರು. "ಅಯ್ಯೋ ಪಾಪ, ಒಣಗಿ ಕಡ್ಡಿ ಆಗಿದೆ. ಇಲಿ ಎಲ್ಲ ಎಂತಕ್ಕೆ? ಹಾಲು ತಂದಿದ್ದೇನೆ."

ಬೇಡ ಅನ್ನುವಷ್ಟರಲ್ಲಿ ಹಾಲು ಪೆಟ್ಟಿಗೆಯೊಳಗೆ ಬಿದ್ದಾಗಿತ್ತು. ಹಾಸಿದ್ದ ಮರದ ಹೊಟ್ಟೆಲ್ಲ ತೊಯ್ದು ಮುದ್ದೆಯಾಗಿ, ಪುಟ್ಟ ಮೂಲೆಗೆ ಸೇರಿಕೊಂಡಿತು.

"ನೀನು ಸ್ವಲ್ಪ ಆಚೆ ಹೋಗು," ಅಂತ ಅಂಕಲ್ ಹೆಂಡತಿಯನ್ನು ಸರಿಸಿದರು. "ಬಾಯಿ ಹತ್ರ ಹಿಡಿದು ಸ್ವಲ್ಪ ಅಲ್ಲಾಡಿಸಬೇಕು. ಆಗ ತಿಂತದೆ. ವಿಡಿಯೋದಲ್ಲಿ ಉಂಟು."

ಇಕ್ಕಳದಲ್ಲಿ ಇಲಿಮರಿ ಹಿಡಿದು ಅಂಕಲ್ ಬಲಕ್ಕೆ ಆಡಿಸಿದರು, ಎಡಕ್ಕೆ ಆಡಿಸಿದರು, ಬಾಯಲ್ಲಿ 'ತ್ಚು ತ್ಚು' ಅಂದರು. ಪುಟ್ಟ ತಲೆಯನ್ನು ಮೈಯೊಳಗೆ ಹುದುಗಿಸಿಕೊಂಡಿತು.

"ಅದನ್ನ ಅದರ ಪಾಡಿಗೆ ಬಿಡಿ," ಅಂದ ತ್ಯಾಗರಾಜ. ಬೆಳಗ್ಗಿನಿಂದ ಇದು ಐದೋ ಆರೋ ಸಲ. ಯಾರ ಕಿವಿಗೂ ಬೀಳಲಿಲ್ಲ.

"ದೃಷ್ಟಿ ಆಗಿದೆ ಕಣ್ರೀ," ಅಂದಳು ಕಾತ್ಯಾಯಿನಿ. ಕೈಯಲ್ಲಿ ಉಪ್ಪು, ಒಣಮೆಣಸಿನಕಾಯಿ. "ನಮ್ಮ ಅಕ್ಕನ ಮಗು ಊಟ ಬಿಟ್ಟಾಗ್ಲೂ ಹೀಗೇ ತೆಗೆದಿದ್ವಿ."

ಹಾವಿಗೆ ನಿವಾಳಿಸಿದ ಮೆಣಸಿನಕಾಯಿ ಒಲೆಯ ಮೇಲಿನ ಬಾಣಲೆಗೆ ಬಿತ್ತು. ಘಾಟು ಮನೆಯೆಲ್ಲ ತುಂಬಿತು. ಛಾವಣಿಯ ಸ್ಮೋಕ್ ಅಲಾರಂ ಕಿವಿ ಹರಿಯುವಂತೆ ಅರಚತೊಡಗಿತು. ಆಂಟಿ ಕೆಮ್ಮುತ್ತಾ, ಅಂಕಲ್ ಸೀನುತ್ತಾ, ಕಾತ್ಯಾಯಿನಿ ಒಲೆ ಆರಿಸಿ ಕಣ್ಣೊರೆಸಿಕೊಳ್ಳುತ್ತಾ, ಗರಾಜಿನ ಬಾಗಿಲು ತೆರೆದು ಹುಲ್ಲುಹಾಸಿಗೆ ಓಡಿದರು. ಪುಟ್ಟನನ್ನು ಎತ್ತಿಕೊಂಡು ಬರೋಣವೆಂದು ಹೊರಟ ತ್ಯಾಗರಾಜನನ್ನು ಅಂಕಲ್ ತೋಳು ಹಿಡಿದು ಎಳೆದುಕೊಂಡೇ ಹೋದರು. ಅಕ್ಕಪಕ್ಕದ ಅಮೆರಿಕನ್ನರು ಬಾಗಿಲಿಗೆ ಬಂದು ನೋಡಿದರು.

ಹೊಗೆ ಇಳಿದ ಮೇಲೆ ಒಳಗೆ ಹೋದರೆ ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಒಳಗೆ ಹಾಲಿತ್ತು, ಪುಟ್ಟ ಇರಲಿಲ್ಲ.

ತ್ಯಾಗರಾಜ ಒದ್ದೆ ಹೊಟ್ಟಿನಲ್ಲಿ ಕೈಯಾಡಿಸಿ ನೋಡಿದ. ಜೀವಮಾನದಲ್ಲಿ ತಾನಾಗಿ ತಂದುಕೊಂಡದ್ದು ಅದೊಂದು. ಅದನ್ನೂ ಇವರೆಲ್ಲ ಸೇರಿ ಓಡಿಸಿದರಲ್ಲ ಅಂತ ಅವನಿಗೆ ಅಳುವೇ ಬಂತು, ಅಳುವಿನ ಹಿಂದೆಯೇ ಸಿಟ್ಟೂ ಬಂತು.

"ಯಾರೂ ಒಂದು ಮಾತಾಡಬೇಡಿ. ಎಲ್ಲರೂ ಸೋಫಾ ಮೇಲೆ ಕೂತ್ಕೊಳ್ಳಿ," ಅಂದ. ಅವನ ಮುಖ ನೋಡಿ ಮೂವರೂ ಕೂತರು, ಕಾಲನ್ನೂ ಮೇಲೆ ಎತ್ತಿಕೊಂಡರು.

ಅವನು ಸೋಫಾದಡಿ, ಫ್ರಿಡ್ಜಿನ ಹಿಂದೆ, ಚಪ್ಪಲಿಗಳೊಳಗೆ ಎಲ್ಲ ಹುಡುಕಿದ. ಸಂಜೆಯ ಹೊತ್ತಿಗೆ ಗರಾಜಿನ ಮೂಲೆಯಲ್ಲಿದ್ದ ಸೋನಾ ಮಸೂರಿ ಅಕ್ಕಿ ಚೀಲದ ಬಾಯಲ್ಲಿ ಕೇಸರಿ ಬಾಲವೊಂದು ಕಂಡಿತು. ಮೆಲ್ಲಗೆ ಎತ್ತಿದ. ಪುಟ್ಟನ ನಡುಹೊಟ್ಟೆಯಲ್ಲಿ ಒಂದು ದಪ್ಪ ಗಂಟು.

"ತಿಂದಿದೆ," ಅಂದ. "ಬಂದು ನೋಡಿ. ಪುಟ್ಟ ತಿಂದಿದೆ. ವಾಪಸ್ ಕೊಡಲ್ಲ ಅಂದಿದ್ನಲ್ಲ?"

ಮೂವರೂ ಓಡಿ ಬಂದರು. ಅಂಕಲ್ ತಮ್ಮ ಅಲ್ಲಾಡಿಸಿದ ಕೈಯನ್ನು ಹೊಗಳಿಕೊಂಡರು. ಹಾಲಿನ ಮಹಿಮೆ ಅಂದರು ಆಂಟಿ. ದೃಷ್ಟಿ ಇಳಿಯಿತು ಅಂದಳು ಕಾತ್ಯಾಯಿನಿ, ಸೋತರೂ ನಗುತ್ತಾ. "ಆಯ್ತು, ಇರ್ಲಿ ಬಿಡಿ ನಿಮ್ಮ ಪುಟ್ಟ," ಅಂತ ಒಪ್ಪಿಯೂಬಿಟ್ಟಳು. ತ್ಯಾಗರಾಜ ಎದೆಯುಬ್ಬಿಸಿ ನಿಂತ. ಅಷ್ಟರಲ್ಲಿ ಅವಳ ನಗು ನಿಂತಿತು.

"ಆದ್ರೆ ರೀ, ಇಲಿಮರಿ ಇನ್ನೂ ಅಂಕಲ್ ಇಕ್ಕಳದಲ್ಲೇ ಇದೆ. ಇದು ತಿಂದಿದ್ದು ಏನನ್ನ?"

ಎಲ್ಲರೂ ಅಕ್ಕಿ ಚೀಲದ ಕಡೆ ನೋಡಿದರು. ತ್ಯಾಗರಾಜ ಬಗ್ಗಿ ಫೋನಿನ ಬೆಳಕು ಬಿಟ್ಟ. ಚೀಲದ ಹಿಂಬದಿಯಲ್ಲಿ ಒಂದು ತೂತು. ಒಳಗೆ ಅಕ್ಕಿಯ ನಡುವೆ ಚೂರು ಮಾಡಿದ ಕಾಗದದ ಗೂಡು. ಗೂಡಿನಲ್ಲಿ, ಪುಟ್ಟ ಬಿಟ್ಟು ಉಳಿಸಿದ, ಕಣ್ಣು ಬಿಡದ ಗುಲಾಬಿ ಬಣ್ಣದ ಇಲಿಮರಿಗಳು ಕೀಚುಗುಟ್ಟುತ್ತಿದ್ದವು. ಅಕ್ಕಿಯ ಮೇಲೆ ಅವುಗಳ ತಾಯಿ ಬಿಟ್ಟುಹೋದ ಕಪ್ಪು ಹಿಕ್ಕೆ, ಜೀರಿಗೆ ಚೆಲ್ಲಿದ ಹಾಗೆ.

"ಬೆಳಗ್ಗೆ ಚಿತ್ರಾನ್ನ..." ಅಂದ ತ್ಯಾಗರಾಜ.

"ನಾನೇನು ತೊಳೀದೆ ಹಾಕಿದ್ನಾ?" ಅಂದಳು ಕಾತ್ಯಾಯಿನಿ.

ತ್ಯಾಗರಾಜ ಬಾತ್‌ರೂಮಿಗೆ ಓಡಿದ. ಬಂದವನು ಸೋಫಾದ ಮೇಲೆ ಮುದುಡಿ ಮಲಗಿದ. ಚೊಕ್ಕ ಮಾಡಿದ ಪೆಟ್ಟಿಗೆಯಲ್ಲಿ ಪುಟ್ಟ ಹೊಟ್ಟೆ ತುಂಬಿಕೊಂಡು ನಿದ್ದೆಹೋಗಿತ್ತು. ಅದರತ್ತ ಈಗ ಯಾರೂ ತಿರುಗಿ ನೋಡುತ್ತಿರಲಿಲ್ಲ. ಎಲ್ಲರೂ ಸೋಫಾದ ಸುತ್ತ ಸೇರಿದ್ದರು.

"ಅಯ್ಯೋ ಪಾಪ, ಮುಖ ಒಣಗಿ ಹೋಗಿದೆ," ಅಂದರು ಆಂಟಿ. "ಸ್ವಲ್ಪ ಹಾಲಾದ್ರೂ ಕುಡಿ ಮಾರಾಯ."

"ಬೇಡ."

"ನಮ್ಮ ಮನೆ ಅಕ್ಕಿಯ ಗಂಜಿ ತರ್ತೇನೆ."

"ಅನ್ನ ಅನ್ನೋ ಮಾತೇ ಎತ್ತಬೇಡಿ. ನಾನು ತಿನ್ನಲ್ಲ. ನನ್ನನ್ನ ನನ್ನ ಪಾಡಿಗೆ ಬಿಡಿ."

"ಹಾಗೆ ಬಿಟ್ಟರೆ ಆಗುದಿಲ್ಲ," ಅಂತ ಅಂಕಲ್ ಒಂದು ಬಾಳೆಹಣ್ಣು ಸುಲಿದು ತ್ಯಾಗರಾಜನ ಮೂಗಿನ ಮುಂದೆ ಹಿಡಿದರು. ಬಲಕ್ಕೆ ಆಡಿಸಿದರು, ಎಡಕ್ಕೆ ಆಡಿಸಿದರು. "ಬಾಯಿ ಹತ್ರ ಸ್ವಲ್ಪ ಅಲ್ಲಾಡಿಸಬೇಕು. ಆಗ ತಿಂತಾರೆ."

ತ್ಯಾಗರಾಜ ಕೈ ಚಾಚಿ ಪುಟ್ಟನ ಟವೆಲನ್ನು ಎಳೆದುಕೊಂಡು ತಲೆಯ ಮೇಲೆ ಹೊದ್ದುಕೊಂಡ. ಕಾತ್ಯಾಯಿನಿ ಅದರ ಅಂಚು ಎತ್ತಿ ಇಣುಕಿದಳು. ಅವಳ ಕೈಯಲ್ಲಿ ಉಪ್ಪು, ಒಣಮೆಣಸಿನಕಾಯಿ.

"ನೋಡ್ರೀ, ರಾತ್ರಿಯೊಳಗೆ ತಿಂದ್ರೆ ಸರಿ," ಅಂದಳು. "ಇಲ್ಲಾಂದ್ರೆ ಪುಟ್ಟ ಇಲ್ಲೇ ಇರ್ಲಿ, ನಾಳೆ ಬೆಳಗ್ಗೆ ನಿಮ್ಮನ್ನೇ ನಿಮ್ಮಮ್ಮನ ಹತ್ರ ವಾಪಸ್ ಕಳಿಸ್ತೀನಿ."