ಹುಣಸೆ ಬೊಡ್ಡೆ ನುಂಗಿದ ಎರಡು ಬೆಣೆ

ಹೊಸದಾಗಿ ಅಜ್ಜನಾದವನ ಕೈಗೆ ಸುತ್ತಿಗೆ ಕೊಡಬಾರದು. ಕೊಟ್ಟರೂ ಅವನ ಮಾತು ನಂಬಬಾರದು. ನನ್ನ ಮಗಳು ಗೀತಾ ಹೆಣ್ಣುಕೂಸು ಹಡೆದಳೆಂದು ಕೇಳಿದ ಗಳಿಗೆಯಿಂದ ನಾನು ಪೂರ್ತಿ ನೆಟ್ಟಗಿಲ್ಲ. ಆಸ್ಪತ್ರೆಯ ಕಾವಲುಗಾರನಿಗೆ ಮೂರು ಸಲ ಪೇಡೆ ತಿನ್ನಿಸಿದೆ. ನಾಲ್ಕನೆಯ ಸಲ ಅವನೇ ಕೈ ಮುಗಿದ. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಕೂಸಿನ ಮೂಗು ನನ್ನದೇ ಎಂದು ಹೇಳಿದೆ. ಅವರು ನನ್ನ ಮೂಗು ನೋಡಿ, ಪಾಪ, ತಮ್ಮ ಮಾಳಿಗೆಯಲ್ಲಿ ಇಳಿದುಹೋದರು. ಕೇಳಿ ಪಡೆಯುವಂತಿದ್ದರೆ ಕೂಸು ಬೇರೆ ಮೂಗನ್ನೇ ಕೇಳುತ್ತಿತ್ತು, ಅದು ನನಗೂ ಗೊತ್ತು.

ಆ ಅಮಲಿನಲ್ಲೇ ಬೀಗಿತ್ತಿಯ ಎದುರು ಬಾಯಿ ಬಿಟ್ಟೆ. ಬೀಗಿತ್ತಿ ಕಸ್ತೂರಬಾಯಿ, ಅಂದರೆ ಅಳಿಯನ ತಾಯಿ, ಪುಣೆಯ ಆಚೆ ತುದಿಯ ಪಿಂಪ್ರಿಯಲ್ಲಿ ಕಾರ್ಖಾನೆಯ ಹುಡುಗರಿಗೆ ರೊಟ್ಟಿ ಬಡಿಯುವ ಖಾನಾವಳಿ ನಡೆಸುತ್ತಾಳೆ. "ಬಾಣಂತಿನ ನಮ್ಮನಿಗೇ ಒಯ್ತೀವ್ರಿ ಬೀಗರ. ನಿಮ್ಮ ಧನಕವಡಿ ಮನ್ಯಾಗ ನೀರು ಕಾಸಾಕ ಏನದ? ನಮ್ಮಲ್ಲಿ ಗೀಜರ್ ಅದ" ಎಂದಳು.

ಚೊಚ್ಚಲ ಬಾಣಂತನ ತವರಿನದು. ನನಗೆ ಉರಿದುಹೋಯಿತು. "ಗೀಜರಿನ ನೀರು ನೀರೇನ್ರಿ? ಬಾಣಂತಿಗೆ ಕಟ್ಟಿಗಿ ಉರಿಯಾಗ ಕಾದ ನೀರೇ ಆಗಬೇಕು. ನಾನೇ ಕಟ್ಟಿಗಿ ಒಡದು ದಿನಾ ಒಂದು ಹಂಡೆ ಕುದಿಸ್ತೀನಿ!"

"ಆತ್ರಿ. ಗುರುವಾರ ಮನಿಗೆ ಬಿಡ್ತಾರ. ಹನ್ನೆರಡರೊಳಗ ಹಂಡೆ ಕುದೀಬೇಕು. ಇಲ್ಲಂದ್ರ ತಾಯಿ, ಕೂಸು ಇಬ್ಬರೂ ಪಿಂಪ್ರಿ ಗಾಡಿ ಹತ್ತತಾರ."

ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಶಾಂತವ್ವ ತಲೆಗೆ ಕೈ ಹಚ್ಚಿದಳು. "ನಿಮ್ಮ ಬಾಯಿಗೇ ಸೆಂಟ್ರಿಂಗ್ ಬಡೀಬೇಕ್ರಿ."

ಅವಳು ಹಾಗೆ ಅಂದದ್ದಕ್ಕೆ ಕಾರಣವಿದೆ. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟ ನಾನು ಪುಣೆಗೆ ಬಂದು ಮೂವತ್ತು ವರ್ಷ ಸೆಂಟ್ರಿಂಗ್ ಕೆಲಸ ಮಾಡಿದೆ. ಸ್ಲ್ಯಾಬ್ ಹಾಕುವ ಮೊದಲು ಕೆಳಗೆ ಹಲಗೆ ಹಾಸಿ, ಅದಕ್ಕೆ ಆಸರೆಯಾಗಿ ಬಲ್ಲಿ, ಅಂದರೆ ಮರದ ಕಂಬ, ನಿಲ್ಲಿಸಿ, ಬಲ್ಲಿಯ ಬುಡಕ್ಕೆ ಮರದ ಬೆಣೆ ಹೊಡೆದು ಬಿಗಿ ಮಾಡುವ ಕೆಲಸ. ಬೆಣೆ ಅಲುಗಿದರೆ ಸ್ಲ್ಯಾಬು ಕೂರುತ್ತದೆ, ಸ್ಲ್ಯಾಬು ಕೂತರೆ ಬಿರುಕು. ನನ್ನ ಒಂದು ಸ್ಲ್ಯಾಬಿಗೂ ಕೂದಲೆಳೆಯಷ್ಟು ಬಿರುಕು ಬಿಟ್ಟಿಲ್ಲ. ಆದ್ದರಿಂದ ಬೆಣೆಯ ವಿಷಯದಲ್ಲಿ ಬ್ರಹ್ಮನೇ ಬಂದರೂ ನಾನು ಅವನಿಗೆ ಕೂತುಕೋ, ಕಲಿಸುತ್ತೇನೆ ಎನ್ನುವವನು.

ಕಟ್ಟಿಗೆ ಸಿಕ್ಕಿತ್ತು. ನಮ್ಮ ಓಣಿಯ ತುದಿಯಲ್ಲಿ ಹೋದ ವರ್ಷ ಕಡಿದ ಹುಣಸೆಮರದ ಮೂರು ದುಂಡು ಬೊಡ್ಡೆಗಳು ಒಣಗಿ ಬಿದ್ದಿದ್ದವು. ಒಂದೊಂದೂ ನನ್ನ ತೊಡೆಯೆತ್ತರ, ಅಗಲ ಎತ್ತಿನ ಬಂಡಿಯ ಗಾಲಿಯಷ್ಟು. ಬೇಕಾದದ್ದು ಕಬ್ಬಿಣದ ಬೆಣೆ. ಅದಕ್ಕೆ ಶಿವಾಜಿನಗರದ ಆಚೆಯ ಹಳೇ ಕಬ್ಬಿಣದ ಅಂಗಡಿಗೆ ಹೋದೆ. ಅಂಗಡಿಯವನು ಎರಡು ನಮೂನೆ ತೆಗೆದಿಟ್ಟ. ಒಂದು ಉದ್ದಕ್ಕೆ, ತೆಳ್ಳಗೆ, ಮದುವೆ ಗಂಡಿನ ಹಾಗೆ ಮಿಂಚುತ್ತಿತ್ತು. ಇನ್ನೊಂದು ಗಿಡ್ಡ, ಹೆಗಲು ದಪ್ಪ, ಮೋರೆಯೆಲ್ಲ ಜಜ್ಜಿಹೋಗಿತ್ತು. "ಕಾಕಾ, ಹೀ ಘ್ಯಾ", ಇದನ್ನು ತಗೊಳ್ಳಿ ಎಂದು ಅವನು ಗಿಡ್ಡದ್ದನ್ನೇ ತೋರಿಸಿದ. ತೆಳ್ಳಗಿನದು ಒಳಗೆ ಹೋಗುತ್ತದೆ ಅಷ್ಟೇ, ಮರ ಸೀಳುವುದು ಹೆಗಲು ದಪ್ಪ ಇದ್ದದ್ದು ಎಂದು ಮರಾಠಿಯಲ್ಲಿ ವಿವರಿಸಿದ. ಬೆಣೆಯ ಬಗ್ಗೆ ನನಗೇ ಪಾಠ! ಮಾರಾಟವಾಗದ ಮಾಲು ಮುದುಕನ ತಲೆಗೆ ಕಟ್ಟುತ್ತಿದ್ದಾನೆ ಎಂದುಕೊಂಡು ತೆಳ್ಳಗಿನವೇ ಎರಡು ತಂದೆ. ದಾರಿಯಲ್ಲಿ ಬಸ್ಸಿನ ಕಂಡಕ್ಟರನಿಗೂ ಮೊಮ್ಮಗಳ ಮೂಗಿನ ಸುದ್ದಿ ಹೇಳಿದೆ.

ಗುರುವಾರ ಮುಂಜಾನೆ ಓಣಿಯ ಹುಡುಗರಿಂದ ಒಂದು ಬೊಡ್ಡೆಯನ್ನು ನಮ್ಮ ಅಂಗಳಕ್ಕೆ ಉರುಳಿಸಿಕೊಂಡು, ಧೋತರ ಎತ್ತಿ ಕಟ್ಟಿ ಅದರ ಮುಂದೆ ನಿಂತೆ. ಸೆಂಟ್ರಿಂಗಿನ ಶಿಸ್ತು ನೋಡಿ, ದಾರ ಹಿಡಿದು ಅಳೆದು ಬೊಡ್ಡೆಯ ನಟ್ಟನಡುವೆ ಗುರುತು ಹಾಕಿದೆ. ಬೆಣೆ ಇಟ್ಟು ಹೊಡೆದೆ. ಎಂಥ ಸಲೀಸು! ತುಪ್ಪದಲ್ಲಿ ಬೆರಳು ಇಳಿದಂತೆ ಇಳಿಯಿತು. ಇಳಿದು, ಇಳಿದು, ತಲೆಯಷ್ಟೇ ಉಳಿಯಿತು. ಬೊಡ್ಡೆ ಮಾತ್ರ ಅಲ್ಲಾಡಲಿಲ್ಲ, ಒಂದು ಗೀರೂ ಬಿಡಲಿಲ್ಲ. ಮೊದಲನೆಯದನ್ನು ಬಿಡಿಸಲು ಪಕ್ಕದಲ್ಲಿ ಎರಡನೆಯದನ್ನು ಹೊಡೆದೆ. ಅದೂ ಒಳಗೆ ಹೋಗಿ ಅಣ್ಣನ ಪಕ್ಕ ಮಲಗಿತು.

"ಏನ್ರೀ, ಇದನ್ನ ಬಿಗಿ ಮಾಡಾಕತ್ತೀರೋ, ಒಡ್ಯಾಕತ್ತೀರೋ?" ಎಂದಳು ಶಾಂತವ್ವ. ನಾನು ಬೆಣೆಯ ತಲೆ ಹಿಡಿದು ಜಗ್ಗತೊಡಗಿದೆ.

ಹತ್ತೂವರೆಗೆ ಆಟೋ ಬಂತು. ಗೀತಾ ಇಳಿದಳು, ಕೂಸನ್ನೆತ್ತಿಕೊಂಡು ಬೀಗಿತ್ತಿ ಇಳಿದಳು. ಒಲೆಯ ಮೇಲೆ ತಣ್ಣಗಿನ ಹಂಡೆ, ಅಂಗಳದಲ್ಲಿ ಬೆವರಿದ ನಾನು. ಇನ್ನು ಒಂದೂವರೆ ತಾಸು, ಆಮೇಲೆ ನನ್ನ ಮೊಮ್ಮಗಳು ಪಿಂಪ್ರಿಯವಳು. ಊರೊಳಗಿನ ಎಲ್ಲ ದೇವರಿಗೂ ಬೇಡಿಕೊಂಡೆ. ಎಲ್ಲರೂ ಆ ಅಂಗಡಿಯವನ ಕಡೆಯವರೇ ಇರಬೇಕು, ಒಬ್ಬರೂ ಬರಲಿಲ್ಲ.

ಬೀಗಿತ್ತಿ ಕೂಸನ್ನು ಶಾಂತವ್ವನ ಕೈಗೆ ಕೊಟ್ಟು ಬೊಡ್ಡೆಯ ಸುತ್ತ ಒಂದು ಸುತ್ತು ಬಂದಳು. "ಬೀಗರ, ಬಿಸಿ ರೊಟ್ಟಿ ಕೈಯಾಗ ಕೊಟ್ರ ನಡುವಿನಿಂದ ಮುರೀತೀರೇನ್ರಿ?"

"ಇಲ್ರಿ, ಅಂಚಿನಿಂದ."

"ಮತ್ತ ಇದಕ್ಯಾಕ ನಟ್ಟನಡುವ ಹೊಕ್ಕೀರಿ?" ಎಂದವಳೇ ಸೆರಗು ಸಿಕ್ಕಿಸಿ, ಅಂಚಿನಲ್ಲಿ ಒಣಗಿ ಬಿರಿದ ಒಂದು ಸಣ್ಣ ಗೆರೆ ಹುಡುಕಿದಳು. ಗಂಟಿದ್ದ ಕಡೆ ಹೋಗಲೇ ಇಲ್ಲ. ತನ್ನ ಚೀಲದಿಂದ ಒಂದು ಬೆಣೆ ತೆಗೆದಳು. ಗಿಡ್ಡ, ಹೆಗಲು ದಪ್ಪ, ಮೋರೆ ಜಜ್ಜಿದ್ದು. ಖಾನಾವಳಿಯ ರೊಟ್ಟಿ ಒಲೆಗೆ ಕಟ್ಟಿಗೆ ಒಡೆಯುವ ಬೆಣೆ; ನಾನು ಸೋಲುತ್ತೇನೆಂದು ಮನೆಯಿಂದಲೇ ತಂದಿದ್ದಳು!

"ಹೊಡೀರಿ."

ಹೊಡೆದೆ. ನಾಲ್ಕನೆಯ ಪೆಟ್ಟಿಗೆ ಒಂದು ಹೋಳು ಚಟಾರನೆ ಹಾರಿತು. ಆಮೇಲೆ ಸುತ್ತಲೂ ಅಂಚಿನಿಂದಲೇ ಹೋಳು ಹೋಳು. ಅವಳು ಬೆಣೆ ಇಡುವುದು, ನಾನು ಹೊಡೆಯುವುದು. ಅಷ್ಟು ಸದ್ದಿಗೂ ನನ್ನ ಮೊಮ್ಮಗಳು ಕಣ್ಣು ಬಿಡಲಿಲ್ಲ. ಸೆಂಟ್ರಿಂಗಿನ ರಕ್ತ! ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಹಂಡೆ ಕುದಿಯಿತು.

"ಕೂಸು ಇಲ್ಲೇ ಇರ್ಲಿ ಬಿಡ್ರಿ" ಎಂದಳು ಬೀಗಿತ್ತಿ. "ವಾರಕ್ಕೊಮ್ಮೆ ನಾ ಬರ್ತೀನಿ. ಕೂಸಿನ ನೋಡಾಕಲ್ರಿ, ಕಟ್ಟಿಗಿ ಒಡ್ಯಾಕ."

ಆ ಬೊಡ್ಡೆಯ ನಡುಭಾಗ, ಹೊಟ್ಟೆಯಲ್ಲಿ ನನ್ನ ಎರಡು ಬೆಣೆ ಇಟ್ಟುಕೊಂಡು, ಈಗಲೂ ಅಂಗಳದಲ್ಲೇ ಇದೆ. ಅದರ ಮೇಲೆ ಕೂತೇ ನಾನು ಮೊಮ್ಮಗಳನ್ನು ಎಳೆಬಿಸಿಲಿಗೆ ಹಿಡಿಯುತ್ತೇನೆ. ಬಂದವರು ಇದೇನು ಎಂದು ಕೇಳಿದರೆ ಇದ್ದದ್ದನ್ನೇ ಹೇಳುತ್ತೇನೆ: ನನ್ನ ಕೈಯ ಕೆಲಸ, ನೋಡಿ, ಇವತ್ತಿನವರೆಗೂ ಒಂದು ಬಿರುಕು ಬಿಟ್ಟಿಲ್ಲ.