ಊರಿಗೆಲ್ಲ ಒಂದೇ ಇನ್‌ಬಾಕ್ಸು

ನನ್ನ ಸಂಸಾರದ ಕೊನೆಯ ಮಾಮೂಲಿ ದಿನ ನಾರಾಯಣಖೇಡದಲ್ಲಿ ಬಂದ್ ಇತ್ತು. ಆ ವರ್ಷಗಳಲ್ಲಿ ಬಂದ್ ಇರುವುದೇ ಮಾಮೂಲಿ, ಇಲ್ಲದ ದಿನವೇ ವಿಶೇಷ. ಪ್ರತ್ಯೇಕ ತೆಲಂಗಾಣ ಬೇಕೆಂದು ಹೊರಗೆ ಮೆರವಣಿಗೆ ಹೋಗುತ್ತಿತ್ತು. ನಾವು ಗಂಡಹೆಂಡತಿ ನಮ್ಮ ಝೆರಾಕ್ಸ್ ಅಂಗಡಿಯ ಷಟರನ್ನು ಮೊಳಕಾಲಿನವರೆಗೆ ಎಳೆದುಕೊಂಡು ಒಳಗೆ ಕುಳಿತಿದ್ದೆವು. ನಾನು ಪುಠಾಣಿ ತಿನ್ನುತ್ತಿದ್ದೆ. ಸುಮಿತ್ರಾ ಕಂಪ್ಯೂಟರಿನ ಮುಂದೆ ಕುಳಿತು ಇನ್‌ಬಾಕ್ಸಿನ ಪಟ್ಟಿಗೆ ಬಣ್ಣ ಹಚ್ಚುತ್ತಿದ್ದಳು. ಒಂದು ಮೇಲ್‌ಗೆ ಹಸಿರು, ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಳದಿ.

"ಇದೇನು ಗ್ವಾಡಿ ಅದೇನು, ಬಣ್ಣ ಹಚ್ಚಾಕ?" ಎಂದೆ.

"ಗ್ವಾಡಿ ಆಗಿದ್ರ ನಿಮಗೇ ಹಚ್ರಿ ಅಂತ ಹೇಳ್ತಿದ್ದೆ. ಇದನ್ನ ಮಾತ್ರ ಮುಟ್ಟಬ್ಯಾಡ್ರಿ, ನಿಮಗ ಕೈ ಮುಗೀತೀನಿ," ಎಂದಳು.

ಮರುದಿನ ಬೆಳಿಗ್ಗೆ ಎದೆ ನೋವೆಂದಳು. ಸಂಜೆಗೆ ಇರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಇನ್‌ಬಾಕ್ಸಿನ ವಿಷಯವಾದರೆ ಬರೆಯಬಲ್ಲೆ.

ನಮ್ಮ ಅಂಗಡಿಯ ಇನ್‌ಬಾಕ್ಸು ನಮ್ಮದಾಗಿರಲಿಲ್ಲ, ಅರ್ಧ ತಾಲ್ಲೂಕಿನದಾಗಿತ್ತು. ಅರ್ಜಿ ತುಂಬಲು ಬಂದವರು ಇಮೇಲ್ ವಿಳಾಸದ ಖಾನೆ ಬಂದ ಕೂಡಲೇ ತಲೆ ಕೆರೆದುಕೊಳ್ಳುವರು. ಸುಮಿತ್ರಾ ಅಂಗಡಿಯ ವಿಳಾಸವನ್ನೇ ಬರೆದುಬಿಡುವಳು. ಹೀಗೆ ಕಂಗ್ಟಿ, ಸಿರ್ಗಾಪುರದ ಕಡೆಯ ಹಳ್ಳಿಗಳ ಹಾಲ್ ಟಿಕೆಟ್ಟು, ಸಂದರ್ಶನದ ಕರೆ, ಫೇಲಾದ ಸುದ್ದಿ, ಎಲ್ಲವೂ ನಮಗೇ ಬರುತ್ತಿತ್ತು. ಸಿರ್ಗಾಪುರದ ಹಿರಿಯರೊಬ್ಬರು ಮಗನ ಲಗ್ನಪತ್ರಿಕೆಯಲ್ಲೂ ನಮ್ಮ ವಿಳಾಸವನ್ನೇ ಅಚ್ಚು ಹಾಕಿಸಿದ್ದರು. "ನಿಮಗೊಂದು ಬ್ಯಾರೆ ಮಾಡಿಕೊಡ್ತೀನ್ರಿ, ಪುಕ್ಕಟೆ ಅದ," ಎಂದು ಸುಮಿತ್ರಾ ಹೇಳಿದ್ದಕ್ಕೆ, "ಬ್ಯಾಡ ತಂಗೀ, ಇದ್ದದ್ದರಾಗ ಒಂದು ಮೂಲಿ ಕೊಡು, ಸಾಕು," ಎಂದಿದ್ದರಂತೆ. ಮದುಮಕ್ಕಳಿಗೆ ಬಂದ ಶುಭಾಶಯಗಳನ್ನೆಲ್ಲ ಅವಳು ಪ್ರಿಂಟ್ ತೆಗೆದು, ದಾರ ಪೋಣಿಸಿ ಕಳಿಸಿಕೊಟ್ಟಳು.

ಅವಳು ಹೋದ ಮೇಲೆ ಆ ಪಟ್ಟಿ ನನ್ನ ಪಾಲಿಗೆ ಬಂತು. ನನ್ನ ಸ್ವಭಾವ ಮೊದಲೇ ಹೇಳಿಬಿಡುತ್ತೇನೆ. ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿ, ಸಕ್ಕರೆ ಯಾವುದು ಉಪ್ಪು ಯಾವುದು ತಿಳಿಯದೆ ಚಹಾ ಕೆಡಿಸುವವನು ನಾನು. ಆ ಇನ್‌ಬಾಕ್ಸು ನೋಡಿದರೆ ನನಗೆ ತಲೆ ಸುತ್ತುತ್ತಿತ್ತು. ಹದಿನೈದು ದಿನ ಹಳೆಯ ಮೇಲ್ ಎಲ್ಲಕ್ಕಿಂತ ಮೇಲೆ, ಈಗ ಬಂದದ್ದು ಕೆಳಗೆ, ನಡುವೆ ಹೋಳಿ ಆಡಿದಂತೆ ಬಣ್ಣ. ಒಂದು ಮಧ್ಯಾಹ್ನ ಧೈರ್ಯ ಮಾಡಿ ಸೆಟ್ಟಿಂಗ್ಸ್ ಒಳಗೆ ಹೊಕ್ಕೆ. ಬಣ್ಣಗಳೆಲ್ಲ ಪಟ್ಟಿಯಲ್ಲಿ ಕಾಣದಂತೆ ಮಾಡಿದೆ. ಓದದ ಮೇಲ್ ಮೇಲೆ, ಓದಿದ್ದು ಕೆಳಗೆ ಎಂದು ಇಟ್ಟೆ. ಸಾಲುಗಳನ್ನು ಒತ್ತೊತ್ತಾಗಿಸಿದೆ. ಪರದೆ ಒಗೆದು ಹಿಂಡಿದ ಧೋತರದ ಹಾಗೆ ಬೆಳ್ಳಗಾಯಿತು. ಅವಳಿದ್ದಿದ್ದರೆ ತೋರಿಸಿ ಬೈಸಿಕೊಳ್ಳಬಹುದಿತ್ತು ಎನಿಸಿತು. ಬೈಯುವವರಿಲ್ಲದೆ ಮಾಡಿದ ತಪ್ಪು ಬಹಳ ದಿನ ತಪ್ಪೆಂದೇ ಗೊತ್ತಾಗುವುದಿಲ್ಲ.

ಬಸ್ಸುಗಳ ಮುಷ್ಕರ ಶುರುವಾದಾಗ ಕಂಗ್ಟಿ ಕಡೆಯ ಸಂಗಪ್ಪ ಸೈಕಲ್ ತುಳಿದುಕೊಂಡು ಬಂದ. ಮಗಳು ಅಂಬಿಕಾ ತಾಂಡೂರಿನಲ್ಲಿ ನರ್ಸ್ ತರಬೇತಿಗೆ ಅರ್ಜಿ ಹಾಕಿದ್ದಳು. "ನಮ್ಮ ಹುಡುಗೀದು ಕಾಗದ ಬಂತೇನ್ರಿ ಅಣ್ಣಾ?" ಎಂದ. ನಾನು ನನ್ನ ಬಿಳಿ ಪಟ್ಟಿಯನ್ನು ನೋಡಿ, "ಬಂದಿಲ್ಲ," ಎಂದೆ. ಅವನು ನೀರು ಕುಡಿದು ಹೋದ. ನಾಲ್ಕನೆಯ ದಿನ ಮತ್ತೆ ಬಂದ.

"ಅಕಿ ಗೆಳತಿಗೆ ಬಂದು ವಾರ ಆತಂತ. ನಾಳೆನೇ ಸಂದರ್ಶನ ಅದಂತ. ಜರಾ ಛಂದಂಗ ನೋಡ್ರಿ ಅಣ್ಣಾ. ಈ ವರ್ಷ ತಪ್ಪಿದ್ರ ಅಕಿ ಮದವಿ ಮಾಡ್ತೀನಂತ ನಮ್ಮವ್ವ ಕುಂತಾಳ."

ನಾನು ಪಟ್ಟಿಯನ್ನು ಮತ್ತೆ ಮೇಲಿನಿಂದ ನೋಡತೊಡಗಿದೆ. ಆಗ ಅಂಗಡಿಯ ಕಟ್ಟೆಯ ಮೇಲೆ ಕಂಗ್ಟಿ ಬಸ್ಸಿನ ಕಂಡಕ್ಟರ್ ತುಕಾರಾಮ ಕುಳಿತಿದ್ದ. ಮುಷ್ಕರದಲ್ಲಿ ಅವನಿಗೂ ಕೆಲಸವಿರಲಿಲ್ಲ. ಒಳಗೆ ಇಣುಕಿ, "ಹಳದಿ ಎಲ್ಲಿ ಹೋತು ಅಣ್ಣಾ?" ಎಂದ.

"ಯಾವ ಹಳದಿ?"

"ಅಯ್ಯ, ನಿಮಗ ಗೊತ್ತೇ ಇಲ್ಲೇನು? ಹಳದಿ ಅಂದ್ರ ನನ್ನ ಬಸ್ಸಿನ ಮಂದಿ, ಫೋನ್ ಇಲ್ಲದವರು. ಅಕ್ಕ ಅವರ ಹೆಸರು ಚೀಟಿ ಮ್ಯಾಲ ಬರದು ದಿನಾ ನನ್ನ ಕೈಯಾಗ ಕೊಡ್ತಿದ್ಳು. ನಾ ಅವರೂರಾಗ ಬಸ್ ನಿಲ್ಲಿಸಿ ಒದರಿ ಹೇಳ್ತಿದ್ದೆ. ಹೇಳಿ ಬಂದೀನಿ ಅಂದ ಮ್ಯಾಲೇ ಅಕ್ಕ ಅದನ್ನ ಕೆಳಗ ಇಳಸ್ತಿದ್ಳು."

ಅಂದರೆ ಸುದ್ದಿ ಮುಟ್ಟುವವರೆಗೆ ಹಳೆಯ ಮೇಲ್ ತುದಿಯಲ್ಲೇ ಇರಬೇಕೆಂಬುದು ಅವಳ ಲೆಕ್ಕ. ಕಂಪ್ಯೂಟರಿನ ಲೆಕ್ಕ ಬೇರೆ. ನಾನು ಒಮ್ಮೆ ತೆರೆದರೆ ಅದರ ಪ್ರಕಾರ ಊರೆಲ್ಲ ಓದಿದಂತೆ. ಕೆಳಗೆ, ಇನ್ನೂ ಕೆಳಗೆ ಹೋಗಿ ಹುಡುಕಿದೆವು. ಅಂಬಿಕಾಳ ಪತ್ರ ಸಿಕ್ಕಿತು. ಅದನ್ನು ನಾನೇ ಒಂದು ವಾರದ ಹಿಂದೆ ತೆರೆದಿದ್ದೆ. ಯಾಕೆ ತೆರೆದೆನೋ, ಆ ದಿನಗಳಲ್ಲಿ ಏನು ಓದಿದರೂ ಒಳಗೆ ಇಳಿಯುತ್ತಿರಲಿಲ್ಲ. ಸಂಗಪ್ಪನ ಮುಖ ನೋಡಲಾಗದೆ ಪ್ರಿಂಟರಿಗೆ ಕಾಗದ ಹಾಕುತ್ತ ನಿಂತೆ. ಅವನೇ, "ಇರಲಿ ಬಿಡ್ರಿ, ನೀವೂ ಪರೇಶಾನಿಯಾಗ ಇದ್ರಿ," ಎಂದ. ಬೈದಿದ್ದರೆ ಹಗುರವಾಗುತ್ತಿತ್ತು.

ತಾಂಡೂರಿಗೆ ಬಸ್ಸಿಲ್ಲ. ನೆಲಕ್ಕೆ ಹಾಸುವ ಪರಶಿ ಕಲ್ಲು ಇಳಿಸಿ ಅಲ್ಲಿಗೆ ಖಾಲಿ ಹಿಂದಿರುಗುತ್ತಿದ್ದ ಲಾರಿಯೊಂದನ್ನು ತುಕಾರಾಮ ಹಿಡಿದ. ಅಂಬಿಕಾಳನ್ನು ನನ್ನ ಸ್ಕೂಟರಿನ ಮೇಲೆ ಊರಿನಿಂದ ಕರೆತಂದು, ಅಪ್ಪ ಮಗಳನ್ನು ಡ್ರೈವರನ ಪಕ್ಕ ಕೂರಿಸಿದೆವು. ಜೊತೆಗೆ ತುಕಾರಾಮನೂ ಹತ್ತಿದ. ಕೆಲಸವಿಲ್ಲದೆ ಅವನ ಗಂಟಲು ಒಣಗಿತ್ತೆಂದು ಕಾಣುತ್ತದೆ, ಬಾಗಿಲು ಬಡಿದು "ರೈಟ್, ರೈಟ್" ಎಂದು ಕೂಗಿದ. ಜಹೀರಾಬಾದಿನಲ್ಲಿ ಲಾರಿ ನಿಂತಾಗ "ತಾಂಡೂರು, ತಾಂಡೂರು" ಎಂದೂ ಕೂಗಿದನಂತೆ. ಅಲ್ಲಿ ನಿಂತಿದ್ದ ಇಬ್ಬರು ಹೆಣ್ಣುಮಕ್ಕಳು ಬಂದು ಹತ್ತಿಯೇಬಿಟ್ಟರಂತೆ. ಅಂಬಿಕಾಗೆ ಸೀಟು ಸಿಕ್ಕಿತು. ಪೇಢಾ ತಂದುಕೊಟ್ಟಾಗ ನನಗೆ ಅವಳ ಮುಖ ನೋಡಲು ಇನ್ನೂ ನಾಚಿಕೆ.

ಆಮೇಲೆ ಒಂದು ವಾರ ಕುಳಿತು ಇನ್‌ಬಾಕ್ಸನ್ನು ಮೊದಲಿನಂತೆಯೇ ಮಾಡಿದೆ. ಎಲ್ಲಿ ಕೆಡಿಸಿದ್ದೆನೆಂದು ನೆನಪಿಲ್ಲದ್ದರಿಂದ ಸೆಟ್ಟಿಂಗ್ಸಿನ ಪ್ರತಿ ಬಾಗಿಲನ್ನೂ ತಟ್ಟಿದೆ. ನಡುವೆ ಒಮ್ಮೆ ಇಡೀ ಪಟ್ಟಿ ಅರಬ್ಬಿ ಅಕ್ಷರಕ್ಕೆ ತಿರುಗಿ, ಪಕ್ಕದ ಗಡಿಯಾರದಂಗಡಿಯ ಮೌಲಾನಾ ಬಂದು ಓದಿ ಪಾರು ಮಾಡಿದರು. ಬಣ್ಣಗಳು ತಿರುಗಿ ಬಂದವು. ಬಂದವರನ್ನೆಲ್ಲ ಕೇಳಿ ಒಂದೊಂದರ ಅರ್ಥ ತಿಳಿದುಕೊಂಡೆ. ಹಸಿರು, ಫೋನ್ ಇದ್ದವರು. ಕೆಂಪು, ಓದಲು ಬಾರದವರು. ಕೂರಿಸಿಕೊಂಡು ಓದಿ ಹೇಳಬೇಕು. ಒಬ್ಬ ಮುದುಕಿ, "ಸುಮಿತ್ರಾ ಎರಡು ಸಲ ಓದ್ತಿದ್ಳಪ್ಪಾ," ಎಂದು ನನ್ನಿಂದಲೂ ಎರಡು ಸಲ ಓದಿಸಿದಳು.

ಉಳಿದದ್ದು ನೀಲಿ. ಅದರಲ್ಲಿ ಐದೇ ಜನರಿದ್ದಾರೆ. ಒಬ್ಬ ದರ್ಜಿ, ಒಬ್ಬ ಟೀಚರಮ್ಮ, ಪೊಲೀಸ್ ಕೆಲಸಕ್ಕೆ ಮೂರು ಸಲ ಅರ್ಜಿ ಹಾಕಿದ ಹೆಣ್ಣುಮಗಳು, ಎಮ್ಮೆ ವ್ಯಾಪಾರದವನು. ಫೋನ್ ಎಲ್ಲರಿಗೂ ಇದೆ, ಓದಲೂ ಬರುತ್ತದೆ. ಜಗಳಗಂಟರ ಬಣ್ಣವಿರಬಹುದೆಂದರೆ ಆ ದರ್ಜಿ ನೊಣಕ್ಕೂ ಎದುರಾಡುವವನಲ್ಲ. ತುಕಾರಾಮನನ್ನು ಕೇಳಿದರೆ, "ನೀಲಿ ನನ್ನ ರೂಟಿಂದಲ್ಲ ಅಣ್ಣಾ," ಎಂದ. ಐದನೆಯವನು ನಾನು. ಅವಳು ನನಗೆ ಮೇಲ್ ಮಾಡಲು ಕಲಿಸಿದಾಗ ಎರಡಡಿ ದೂರದಲ್ಲಿ ಕುಳಿತು, "ಇವತ್ತು ಪಲ್ಯ ಏನು?" ಎಂದು ಅಂಗಡಿಯ ವಿಳಾಸಕ್ಕೆ ಕಳಿಸಿದ್ದೆ. ಅದನ್ನು ಇಟ್ಟುಕೊಂಡಿದ್ದಾಳೆ, ನೀಲಿ ಹಚ್ಚಿದ್ದಾಳೆ. ಉಳಿದ ಬಣ್ಣಗಳ ಅರ್ಥ ಸಿಕ್ಕಿತು. ನೀಲಿಯದು ಇನ್ನೂ ಸಿಕ್ಕಿಲ್ಲ.